ಮನೆ ಕೊಂಡು ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಮನೆ ಕೊಳ್ಳುವ ವಿಚಾರದಲ್ಲಿ ಮೌನವಾಗಿದ್ದಾರೆ. ಅವರ ಕಾಲದಲ್ಲಿ ಮನೆಯನ್ನು ಕೊಳ್ಳುವುದು ವಿರಳ. ಕಟ್ಟಿಸುತ್ತಿದ್ದರು, ಇಲ್ಲವೆ ಪಿತ್ರಾರ್ಜಿತವಾಗಿ ಬಂದುದರಲ್ಲಿ ಪಾಲು ಪಡೆದು ಬಾಳುತ್ತಿದ್ದರು. ಒಬ್ಬನು ಬಾಳಿದ ಮನೆಯನ್ನು ಇನ್ನೊಬ್ಬನು ಕೊಂಡನೆಂದರೆ ಮೊದಲನೆಯವನಿಗೆ ಏನೋ ಕೇಡು ಒದಗಿರಬೇಕೆಂದು ಊರು ಊಹಿಸುತ್ತಿತ್ತು. ಇಂದಿನ ಬೆಂಗಳೂರಿನಲ್ಲಿ ಆ ಸಂಕೋಚ ಉಳಿದಿಲ್ಲ. ಮನೆಯೂ ಸರಕಾಗಿದೆ, ಸರಕನ್ನು ಕೊಳ್ಳುವ ಜಾಣತನ ಮಾತ್ರ ನಮಗಿನ್ನೂ ಪೂರ್ಣವಾಗಿ ಬಂದಂತಿಲ್ಲ.

ನಾನು ಹೇಳಹೊರಟಿರುವುದು ಮೊದಲ ಮನೆಯ ವಿಚಾರವಲ್ಲ. ಮೊದಲ ಮನೆ ಬಹುಮಟ್ಟಿಗೆ ಕೈಯಲ್ಲಿರುವ ಹಣವೇ ಆರಿಸುವ ಮನೆ. ಎರಡನೆಯದರ ಮಾತೇ ಬೇರೆ. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ವರ್ಷ ಕಳೆದ ಗೃಹಸ್ಥನಿಗೆ ಒಂದು ದಿನ ಅದು ಸಾಲದೆಂದು ತೋರುತ್ತದೆ. ಮಗನಿಗೂ ಮಗಳಿಗೂ ಬೇರೆ ಬೇರೆ ಕೋಣೆ ಬೇಕಾಗಿದೆ. ಹಾಸನದಲ್ಲೋ ಶಿರಸಿಯಲ್ಲೋ ಇರುವ ತಂದೆತಾಯಿಗಳಿಗೆ ಎಪ್ಪತ್ತು ದಾಟಿದೆ. ಅವರನ್ನು ಇನ್ನು ಒಂಟಿಯಾಗಿ ಬಿಡುವಂತಿಲ್ಲ. ಆಗ ದೊಡ್ಡ ಮನೆಯ ಶೋಧ ಆರಂಭವಾಗುತ್ತದೆ. ಶೋಧದೊಡನೆ ಎರಡು ಪ್ರಶ್ನೆಗಳು ಹುಟ್ಟುತ್ತವೆ: ಯಾವ ಬಡಾವಣೆ? ಎಷ್ಟು ವಯಸ್ಸಿನ ಮನೆ?

ಇವಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ಕಚೇರಿಗೆ ಎಷ್ಟು ದೂರ?' ಎಂದು. ಅದು ನ್ಯಾಯವಾದ ಪ್ರಶ್ನೆಯೇ. ಸಿಲ್ಕ್ ಬೋರ್ಡಿನ ಸರ್ಕಲ್ಲಿನಲ್ಲಿ ಅರ್ಧ ಆಯುಷ್ಯ ಕಳೆದವರನ್ನು ಕುರಿತು ನಾನು ಹಾಸ್ಯ ಮಾಡಲಾರೆ. ಆದರೆ ಅದನ್ನು ಮೊದಲ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವುದು ತಪ್ಪೆಂಬುದು ನನ್ನ ಅಭಿಮತ. ಮೊದಲು ಕೇಳಬೇಕಾದದ್ದು ಇದು: ಬೆಳಗಿನ ಹತ್ತು ಗಂಟೆಯಿಂದ ಸಂಜೆಯ ಐದರವರೆಗೆ ಆ ಮನೆಯಲ್ಲಿ ಇರುವವರು ಯಾರು? ಹಣ ತೆರುವ ಯಜಮಾನನಲ್ಲ, ಉದ್ಯೋಗಸ್ಥೆಯಾದ ಅವನ ಹೆಂಡತಿಯೂ ಅಲ್ಲ. ಊರು ಬಿಟ್ಟು ಬಂದ ಮುದುಕರು ಇರುತ್ತಾರೆ. ನಾಲ್ಕು ಗಂಟೆಗೆ ಶಾಲೆಯಿಂದ ಮಕ್ಕಳು ಬಂದು ಸೇರುತ್ತಾರೆ. ಮನೆಯನ್ನು ನಿಜವಾಗಿ ಅನುಭವಿಸುವವರು ಅವರು. ಆದರೆ ಮನೆ ನೋಡಲು ಹೋಗುವ ಕಾರಿನಲ್ಲಿ ಅವರಿಗೆ ಸ್ಥಳವಿರುವುದಿಲ್ಲ.

ಶಿರಸಿಯಿಂದ ಬಂದ ತಾಯಿಗೆ ಬಡಾವಣೆಯೆಂದರೇನು? ನಡೆದು ಹೋಗುವಷ್ಟು ದೂರದಲ್ಲಿ ಒಂದು ಔಷಧದ ಅಂಗಡಿ, ಸೊಪ್ಪು ಮಾರುವವಳು, ಒಂದು ದೇವಸ್ಥಾನ, ನೆರಳಿರುವ ರಸ್ತೆ, ಕಾಲು ಸೋತಾಗ ಕುಳಿತುಕೊಳ್ಳಲು ಉದ್ಯಾನದಲ್ಲೊಂದು ಕಲ್ಲುಬೆಂಚು, ಆ ಬೆಂಚಿನ ಇನ್ನೊಂದು ತುದಿಯಲ್ಲಿ ತನ್ನ ಭಾಷೆಯಲ್ಲಿ ಮಾತನಾಡುವ ಇನ್ನೊಬ್ಬ ಮುದುಕಿ. ಇಷ್ಟಿದ್ದರೆ ಆಕೆ ಬೆಂಗಳೂರಿನವಳಾಗುತ್ತಾಳೆ. ಇಲ್ಲದಿದ್ದರೆ ಮಗನ ಮನೆಯಲ್ಲಿ ಅತಿಥಿಯಾಗಿ ಉಳಿಯುತ್ತಾಳೆ. ನಗರದ ಅಂಚಿನಲ್ಲಿ ಎತ್ತರದ ಗೋಡೆ ಕಟ್ಟಿ, ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಒಳಗೆ ಈಜುಕೊಳವನ್ನೂ ವ್ಯಾಯಾಮಶಾಲೆಯನ್ನೂ ಇಟ್ಟಿರುವ ಹೊಸ ವಸತಿಗಳು ಸುಂದರವಾಗಿವೆ. ಆದರೆ ಒಂದು ಕಟ್ಟು ಕೊತ್ತಂಬರಿ ಬೇಕಾದರೆ ಅಲ್ಲಿ ಫೋನು ಒತ್ತಬೇಕು. ಫೋನು ಒತ್ತಿ ತರಿಸಿದ ಕೊತ್ತಂಬರಿಯೊಡನೆ ಮಾತುಕತೆ ಬರುವುದಿಲ್ಲ.

ಕಚೇರಿಯ ವಿಚಾರದಲ್ಲಿ ಇನ್ನೊಂದು ಮಾತು. ಈ ಕಾಲದ ಉದ್ಯೋಗ ಐದು ವರ್ಷ ಒಂದು ಕಡೆ ನಿಂತರೆ ಹೆಚ್ಚು. ದೊಡ್ಡ ಮನೆ ಮೂವತ್ತು ವರ್ಷಕ್ಕೆಂದು ಕೊಂಡದ್ದು. ಚಲಿಸುವುದಕ್ಕಾಗಿ ನಿಂತಿರುವುದನ್ನು ಆರಿಸುವುದು ಎತ್ತಿಗಾಗಿ ಗದ್ದೆ ಕೊಂಡಂತೆ. ಅದೂ ಅಲ್ಲದೆ 2023ರ ಅಕ್ಟೋಬರಿನಿಂದ ಮೆಟ್ರೊ ರೈಲು ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಓಟದಲ್ಲಿ ಸಾಗುತ್ತಿದೆ. 2025ರ ಆಗಸ್ಟಿನಲ್ಲಿ ಜಯನಗರದ ಮಗ್ಗುಲಲ್ಲಿರುವ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಕಚೇರಿಯನ್ನು ಮನೆಯ ಹತ್ತಿರಕ್ಕೆ ತರುವ ಕೆಲಸವನ್ನು ರೈಲು ಅಷ್ಟಿಷ್ಟಾದರೂ ಮಾಡೀತು. ಐವತ್ತು ವರ್ಷದ ಮರದ ನೆರಳನ್ನು ಯಾವ ರೈಲೂ ತಂದುಕೊಡಲಾರದು.

ಬಡಾವಣೆಗೂ ವಯಸ್ಸಿದೆ ಎಂಬುದನ್ನು ನಾವು ಮರೆಯುತ್ತೇವೆ. 1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕು ಜನರನ್ನು ಬಲಿ ತೆಗೆದುಕೊಂಡ ಮೇಲೆ, ಇಕ್ಕಟ್ಟೇ ರೋಗದ ತಾಯಿಯೆಂದು ಮನಗಂಡು, ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ವಿಶಾಲವಾಗಿ ಬೆಳೆಸಿದರು. ಅಗಲವಾದ ನೇರ ರಸ್ತೆಗಳು, ಮನೆಗಳ ಬೆನ್ನಿಗೆ ಕಸ ಸಾಗಿಸುವ ಓಣಿಗಳು, ನಡುವೆ ಉದ್ಯಾನ, ಕೂಗಳತೆಯಲ್ಲಿ ಮಾರುಕಟ್ಟೆ. ಭಯದಿಂದ ಹುಟ್ಟಿದ ಬಡಾವಣೆಗಳಾದರೂ ಅವುಗಳಲ್ಲಿ ವಿವೇಕವಿತ್ತು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಆ ಪರಂಪರೆಯನ್ನು ಮುಂದುವರಿಸಿತು. 1948ರಲ್ಲಿ ಜಯನಗರಕ್ಕೆ ಅಡಿಪಾಯ ಬಿದ್ದಿತು. ಶಾಲೆಗೆ, ಆಟದ ಬಯಲಿಗೆ, ಅಂಗಡಿಗಳಿಗೆ ಮೊದಲು ಜಾಗ ಬಿಟ್ಟು ಆಮೇಲೆ ನಿವೇಶನ ಅಳೆಯುವ ಪದ್ಧತಿ ಅಂದು ಇತ್ತು. ಈಚಿನ ಖಾಸಗಿ ಬಡಾವಣೆಗಳಲ್ಲಿ ಅನೇಕವು ಇದನ್ನು ತಲೆಕೆಳಗು ಮಾಡಿ, ಮೊದಲು ನಿವೇಶನ ಅಳೆದು, ಉಳಿದ ತ್ರಿಕೋನದ ಚೂರಿಗೆ 'ಉದ್ಯಾನ' ಎಂದು ನಾಮಫಲಕ ನೆಟ್ಟಿವೆ.

ಬಡಾವಣೆಯ ವಯಸ್ಸು ನೆಲದ ಮೇಲೆ ಮಾತ್ರ ಕಾಣುವುದಲ್ಲ, ನೆಲದ ಕೆಳಗೂ ಇದೆ. ಬೆಂಗಳೂರು ನದಿಯಿಲ್ಲದ ಊರು. ದಿಣ್ಣೆಯ ಮೇಲೆ ಕೆರೆಗಳನ್ನು ನಂಬಿ ಬೆಳೆದ ಊರು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂದಾಗ ಅಂದಿದ್ದ ಬಡಾವಣೆಗಳಿಗೆ ಕೊಳವೆ ಹಾಕಿದರು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆಯಾಗಿ ಸುತ್ತಲಿನ ಪುರಸಭೆಗಳೊಡನೆ 110 ಹಳ್ಳಿಗಳು ಸೇರಿಕೊಂಡವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಣ ಹದಿನೇಳು ವರ್ಷ ಅಲ್ಲಿಯ ದೊಡ್ಡ ದೊಡ್ಡ ಮನೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಸಂಸಾರ ಮಾಡಿದುವು. ಆ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದರಕ್ಕೆ ಸರ್ಕಾರವೇ ಮಿತಿ ವಿಧಿಸಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು. ಐದು ಬಚ್ಚಲುಮನೆಗಳಿರುವ ಬಂಗಲೆಯ ಒಡತಿ ಒಂದು ಕೊಡ ನೀರಿನ ಲೆಕ್ಕ ಹಾಕುತ್ತ ಕುಳಿತದ್ದು ಆ ಬೇಸಗೆಯಲ್ಲಿ. ಆದ್ದರಿಂದ ಮನೆ ನೋಡಹೋದವರು ನಲ್ಲಿಯನ್ನು ತಿರುಗಿಸಿ ತೃಪ್ತರಾಗದೆ, ಆ ನೀರು ಎಲ್ಲಿಂದ ಬಂದುದೆಂದು ಪಕ್ಕದ ಮನೆಯವರನ್ನು ಕೇಳಬೇಕು. ಮಾರುವವರು ಸುಳ್ಳು ಹೇಳದಿದ್ದರೂ ಸತ್ಯದಲ್ಲಿ ಸ್ವಲ್ಪ ನೀರು ಬೆರೆಸುತ್ತಾರೆ.

ನೀರು ಇಲ್ಲದ ಕಷ್ಟದ ಬೆನ್ನಿಗೇ ನೀರು ನುಗ್ಗುವ ಕಷ್ಟವೂ ಇದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವ ಭಾಗದ ಯಮಲೂರು, ಬೆಳ್ಳಂದೂರು ಮೊದಲಾದ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿಯೂ ದೋಣಿಯಲ್ಲಿಯೂ ಹೊರತಂದರು. ರಾಜಕಾಲುವೆಯ ದಾರಿಯಲ್ಲಿ ಮನೆ ಕಟ್ಟಿದರೆ ನೀರು ಮನೆಯನ್ನೇ ರಾಜಕಾಲುವೆಯೆಂದು ತಿಳಿಯುತ್ತದೆ. ಹಾಗೆಂದ ಮಾತ್ರಕ್ಕೆ ಹಳೆಯ ಬಡಾವಣೆಗಳೆಲ್ಲ ನಿರ್ದೋಷಿಗಳೆಂದು ನಾನು ಹೇಳಲಾರೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ, ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೋರಮಂಗಲದ ಎಸ್.ಟಿ. ಬೆಡ್ ಬಡಾವಣೆ, ಹೆಸರೇ ಸಾರುವಂತೆ, ಹಿಂದೆ ಚರಂಡಿ ನೀರನ್ನು ಶುದ್ಧಿಗೊಳಿಸುತ್ತಿದ್ದ ತಗ್ಗಿನಲ್ಲಿದೆ. ಜೋರು ಮಳೆಯಲ್ಲಿ ಅಲ್ಲಿ ನೀರು ನಿಲ್ಲುವುದು ಪತ್ರಿಕೆಗಳಿಗೆ ಪ್ರತಿವರ್ಷದ ಸುದ್ದಿ. ದಿಣ್ಣೆ ಯಾವುದು, ತಗ್ಗು ಯಾವುದು ಎಂಬುದು ಬಡಾವಣೆಯ ಕೀರ್ತಿಗಿಂತ ದೊಡ್ಡ ಸಂಗತಿ. ಮನೆಯನ್ನು ಬೇಸಗೆಯಲ್ಲಿ ಮೆಚ್ಚಬಹುದು. ಆದರೆ ಸೆಪ್ಟೆಂಬರ್ ತಿಂಗಳಿನ ಒಂದು ಮಳೆಯ ಸಂಜೆ ಆ ರಸ್ತೆಯಲ್ಲಿ ಒಮ್ಮೆ ನಡೆಯದೆ ಮುಂಗಡ ಕೊಡಬಾರದು.

ಇನ್ನು ಮನೆಯ ವಯಸ್ಸಿನ ವಿಚಾರ. ಇದರಲ್ಲಿ ಜನರ ಅಭಿರುಚಿ ಎರಡು ತುದಿಗಳಲ್ಲಿ ನಿಂತಿದೆ. ಕೆಲವರಿಗೆ ಬಣ್ಣ ಆರದ ಹೊಸ ಮನೆಯೇ ಬೇಕು. ಕೆಲವರಿಗೆ ಮಂಗಳೂರು ಹೆಂಚು, ಮದರಾಸು ತಾರಸಿ, ಮರದ ಪಟ್ಟಿಯ 'ಮಂಕಿ ಟಾಪ್' ಇರುವ ನೂರು ವರ್ಷದ ಮನೆಯ ಮೇಲೆ ಮೋಹ. ಮೊದಲನೆಯದು ಸೋಮಾರಿತನ, ಎರಡನೆಯದು ಭಾವುಕತೆ. ಸಾಗುವಾನಿ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಆ ಹಳೆಯ ತಾರಸಿ ಅದ್ಭುತವಾದ ಕೆಲಸವೇ ಸರಿ. ಒಳಗೆ ತಂಪು ಮಾಡುವುದರಲ್ಲಿ ಅದಕ್ಕೆ ಎಣೆಯಿಲ್ಲ. ಆದರೆ ತೊಲೆಗೆ ಗೆದ್ದಲು ಹತ್ತಿದರೆ ದುರಸ್ತಿ ಮಾಡಬಲ್ಲ ಮೇಸ್ತ್ರಿಗಳು ಈಗ ಎಷ್ಟು ಜನ? ಮುದುಕರೂ ಮಕ್ಕಳೂ ಇರುವ ಸಂಸಾರ ವಸ್ತುಸಂಗ್ರಹಾಲಯದ ಮೇಲ್ವಿಚಾರಣೆಯನ್ನು ತಲೆಗೆ ಕಟ್ಟಿಕೊಳ್ಳಬೇಕಾಗಿಲ್ಲ.

ನನ್ನ ಒಲವು ಮೂವತ್ತರಿಂದ ನಲವತ್ತೈದು ವರ್ಷದೊಳಗಿನ ಮನೆಯ ಕಡೆಗೆ. ಕಲ್ಲಿನ ಅಡಿಪಾಯ, ಸುಟ್ಟ ಇಟ್ಟಿಗೆಯ ಒಂಬತ್ತು ಅಂಗುಲದ ಗೋಡೆ, ಕಾಂಕ್ರೀಟಿನ ಛಾವಣಿ, ಕೆಂಪು ಗಾರೆಯ ಅಥವಾ ಮೊಸಾಯಿಕ್ ನೆಲ, ಹಿತ್ತಿಲಲ್ಲಿ ಒಂದು ತೆಂಗು, ಒಂದು ಕರಿಬೇವು. ಇದು ಸರ್ಕಾರಿ ನೌಕರನೋ ಬ್ಯಾಂಕಿನ ಗುಮಾಸ್ತೆಯೋ ಭವಿಷ್ಯನಿಧಿಯ ಹಣ ತೆಗೆದು, ತಾನೇ ಎದುರು ನಿಂತು, ಕ್ಯೂರಿಂಗಿಗೆ ತಾನೇ ನೀರು ಹಾಕಿ ಕಟ್ಟಿಸಿದ ಮನೆ. ಮಾರುವುದಕ್ಕೆಂದು ಕಟ್ಟಿದ್ದಲ್ಲ, ವಾಸಕ್ಕೆಂದು ಕಟ್ಟಿದ್ದು. ಈ ಭೇದ ಗೋಡೆಯಲ್ಲಿ ಕಾಣುತ್ತದೆ. ಅಂಥ ಮನೆ ಹಲವು ಮಳೆಗಾಲಗಳನ್ನು ಕಂಡಿದೆ. ಕುಸಿಯಬೇಕಾದ ನೆಲ ಕುಸಿದು ನಿಂತಿದೆ, ಬಿಡಬೇಕಾದ ಬಿರುಕು ಬಿಟ್ಟಿದೆ, ಸೋರುವ ಮೂಲೆ ತನ್ನ ಕಲೆಯನ್ನು ಬಿಟ್ಟುಹೋಗಿದೆ. ಅದರ ದೋಷಗಳು ಬಯಲಾಗಿವೆ. ಹೊಸ ಮನೆಯ ದೋಷಗಳು ಇನ್ನೂ ಹುಟ್ಟಬೇಕಾಗಿವೆ, ಹುಟ್ಟುವ ವೇಳೆಗೆ ಕಟ್ಟಿದವನು ಫೋನು ಎತ್ತುವುದಿಲ್ಲ.

ಆದರೂ ಆ ಕಾಲದ ಮನೆಯನ್ನು ಕಣ್ಣು ಮುಚ್ಚಿ ನಂಬಬಾರದು. ಸಿಮೆಂಟು ಅಂದು ಪರವಾನಗಿಯ ಸರಕು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಗಿ, ಪೂರ್ಣವಾಗಿ ತೊಲಗಿದ್ದು 1989ರಲ್ಲಿ. ಚೀಲ ಸಿಗದೆ ಗಾರೆಗೆ ಮರಳು ಹೆಚ್ಚಿಸಿದವರೂ ಉಂಟು. ಕಾಂಕ್ರೀಟಿನೊಳಗಣ ಕಂಬಿಯೇ ಇಂಥ ಮನೆಯ ಪ್ರಾಣ. ಗಾಳಿಯಲ್ಲಿರುವ ಇಂಗಾಲಾಮ್ಲವೂ ತೇವವೂ ವರ್ಷವರ್ಷಕ್ಕೆ ಇಷ್ಟಿಷ್ಟೇ ಒಳಗಿಳಿದು, ಕಂಬಿಯನ್ನು ಕಾಪಾಡುವ ಸುಣ್ಣದ ಗುಣವನ್ನು ಕಳೆಯುತ್ತವೆ. ಆಗ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಛಾವಣಿಯ ಅಡಿಯ ಗಾರೆಯನ್ನು ಒಡೆದು ಉದುರಿಸುತ್ತದೆ. ಇದನ್ನು ನೋಡಬೇಕಾದ ಸ್ಥಳಗಳು ಪಡಸಾಲೆಯಲ್ಲಿಲ್ಲ. ಮಹಡಿಯ ಬಚ್ಚಲಿನ ಕೆಳಗಡೆ, ಕಿಟಕಿಯ ಸಜ್ಜಾದ ತಳದಲ್ಲಿ, ತಾರಸಿಯ ನೀರಿನ ತೊಟ್ಟಿಯ ಅಡಿಯಲ್ಲಿ ಇವೆ. ಅಲ್ಲಿ ಉದ್ದುದ್ದನೆಯ ಕಂದು ಗೆರೆ ಕಂಡರೆ, ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಬೆಲೆಯ ಮಾತನ್ನು ನಿಲ್ಲಿಸಿ ಇಂಜಿನಿಯರನ್ನು ಕರೆಯಬೇಕು. ಜಿ.ಐ. ಕೊಳವೆಗಳೂ ಹಳೆಯ ವಿದ್ಯುತ್ ತಂತಿಗಳೂ ಹೇಗಿದ್ದರೂ ಬದಲಾಗಬೇಕಾದವು. ಅದರ ಖರ್ಚನ್ನು ಬೆಲೆಯಲ್ಲಿಯೇ ಸೇರಿಸಿಕೊಂಡು ಹೋಗುವುದು ಲೇಸು. ಎಲ್ಲಕ್ಕಿಂತ ಸಂದೇಹಕ್ಕೆ ಅರ್ಹವಾದದ್ದು ಹಳೆಯ ಮನೆಗೆ ಬಳಿದ ಹೊಸ ಬಣ್ಣ. ನಲವತ್ತು ವರ್ಷದ ಮನೆಯಲ್ಲಿ ಬಣ್ಣದ ವಾಸನೆ ಮೂಗಿಗೆ ಬಡಿದರೆ, ಏನನ್ನು ಮುಚ್ಚಿದ್ದಾರೆಂದು ಕೇಳುವುದರಲ್ಲಿ ಅಸಭ್ಯತೆಯೇನೂ ಇಲ್ಲ.

ಇಂಥ ಮನೆಯನ್ನು ಕೊಳ್ಳುವವರಿಗೆ ದಲ್ಲಾಳಿಗಳು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: 'ಮನೆಗೆ ಬೆಲೆ ಇಲ್ಲ ಸ್ವಾಮಿ, ಸೈಟಿಗೆ ಬೆಲೆ. ಕೆಡವಿ ನಾಲ್ಕು ಅಂತಸ್ತು ಎತ್ತಿಸಿ.' ಒಂದು ಸಂಸಾರ ಮೂವತ್ತು ವರ್ಷ ಬಾಳಿದ ಗೋಡೆಗಳು ಲೆಕ್ಕದಲ್ಲಿ ಸೊನ್ನೆಯಾಗುವುದು ಈ ನಗರದ ವಿಚಿತ್ರ ಗಣಿತ. ಈ ಗಣಿತಕ್ಕೆ ಖ್ಯಾತಿಯೂ ಅಡ್ಡಬರುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರು ತಾವೇ ಕಟ್ಟಿಸಿದ್ದ ಮನೆ 2011ರಲ್ಲಿ ಕೆಡವುವವರ ಕೈಗೆ ಸಿಕ್ಕಿತ್ತು. ಸಾರ್ವಜನಿಕರು ಎಚ್ಚರಿಸಿದ್ದರಿಂದ ಕೆಲಸ ನಿಂತು, ಮುಂದೆ ಅದು ಸ್ಮಾರಕವಾಯಿತು. ಸಾಮಾನ್ಯನ ಮನೆಗೆ ಆ ಭಾಗ್ಯವಿಲ್ಲ. ಆದರೆ ಕೊಳ್ಳುವವನಿಗೆ ಇದರಲ್ಲಿ ಒಂದು ಲಾಭ ಅಡಗಿದೆ: ಗಟ್ಟಿಯಾದ ಮನೆ ನಿವೇಶನದ ಬೆಲೆಗೇ ಸಿಕ್ಕುತ್ತದೆ. ಕೆಡವದೆ ಬಾಳಬಲ್ಲವನು ಮನೆಯನ್ನು ಉಚಿತವಾಗಿ ಪಡೆದಂತಾಯಿತು. ಅಪಾಯವೂ ಉಂಟು, ಅದು ಪಕ್ಕದ ನಿವೇಶನದಿಂದ ಬರುವಂಥದು. ಇಂದು ಒಂದಂತಸ್ತಿನ ಹೆಂಚಿನ ಮನೆಯಿರುವ ಮೂಡಣ ದಿಕ್ಕಿನಲ್ಲಿ ನಾಳೆ ನಾಲ್ಕಂತಸ್ತು ಎದ್ದರೆ ನಿಮ್ಮ ನಡುಮನೆಗೆ ಬೆಳಗಿನ ಬಿಸಿಲು ಬೀಳುವುದಿಲ್ಲ. ಆದ್ದರಿಂದ ಮೂಲೆಯ ನಿವೇಶನಕ್ಕೆ, ಅಥವಾ ಹಿಂಬದಿಯಲ್ಲಿ ಓಣಿಯೋ ಉದ್ಯಾನವೋ ಇರುವ ನಿವೇಶನಕ್ಕೆ, ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ.

ಜಯನಗರ, ಮಲ್ಲೇಶ್ವರಗಳ ಬೆಲೆ ಕೇಳಿಯೇ ಹಿಂದಿರುಗುವವರು ಬಹಳ ಮಂದಿ. ಅವರು ಸಿಟ್ಟಾಗುವುದು ಸಹಜ. ಹಾಗೆ ಹಿಂದಿರುಗಿದವರು ನೇರವಾಗಿ ನಗರದ ಅಂಚಿಗೆ ಹಾರಬೇಕಾಗಿಲ್ಲ. ನಡುವಯಸ್ಸಿನ ಉಪನಗರಗಳು ಇವೆ. ಗೃಹಮಂಡಳಿ ನಿರ್ಮಿಸಿದ ಯಲಹಂಕ ಉಪನಗರದಲ್ಲಿ ಮರಗಳು ಬೆಳೆದು ನಿಂತಿವೆ, ಅಂಗಡಿ ಶಾಲೆಗಳು ನೆಲೆಯೂರಿವೆ. ಕೆಂಗೇರಿ ಉಪನಗರದ ಬಳಿಗೆ 2021ರಲ್ಲಿ ಮೆಟ್ರೊ ಬಂದಿತು. ಪ್ರತಿಷ್ಠೆಯ ವಿಳಾಸಗಳಲ್ಲದಿರಬಹುದು, ಆದರೆ ನಮ್ಮ ಶಿರಸಿಯ ತಾಯಿ ಅಲ್ಲಿ ಔಷಧದ ಅಂಗಡಿಗೆ ನಡೆದು ಹೋಗಬಲ್ಲಳು.

ಮನೆ ದೊಡ್ಡದಿರಬೇಕು ಸರಿ, ಎಷ್ಟು ದೊಡ್ಡದು? ಇಲ್ಲಿ ಜನ ಕೋಣೆಗಳನ್ನು ಎಣಿಸುತ್ತಾರೆ, ವರ್ಷಗಳನ್ನು ಎಣಿಸುವುದಿಲ್ಲ. ಹನ್ನೆರಡು ವರ್ಷದ ಮಗಳು ಇನ್ನು ಹತ್ತು ವರ್ಷಕ್ಕೆ ಮನೆ ಬಿಡುತ್ತಾಳೆ. ಮಾರಾಟಕ್ಕಿರುವ ಈ ದೊಡ್ಡ ಮನೆಗಳನ್ನು ತೋರಿಸುತ್ತಿರುವವರು ಯಾರು? ಬಹುಮಟ್ಟಿಗೆ, ಮಕ್ಕಳು ಕ್ಯಾಲಿಫೋರ್ನಿಯದಲ್ಲಿಯೋ ಟೆಕ್ಸಾಸಿನಲ್ಲಿಯೋ ನೆಲೆಸಿದ ಮೇಲೆ ನಾಲ್ಕು ಕೋಣೆಗಳಿಗೆ ಬೀಗ ಹಾಕಿ, ಕೆಳಗಿನ ಒಂದೇ ಕೋಣೆಯಲ್ಲಿ ವಾಸಿಸುವ ವೃದ್ಧ ದಂಪತಿಗಳು. ಅವರೂ ಒಂದು ಕಾಲಕ್ಕೆ 'ಮಕ್ಕಳಿಗೆ ಬೇರೆ ಕೋಣೆ ಬೇಕು' ಎಂದೇ ಮಹಡಿ ಎತ್ತಿಸಿದವರು. ಕೊಳ್ಳುವ ಗೃಹಸ್ಥ ಅವರ ಮುಂದೆ ಕಾಫಿ ಕುಡಿಯುತ್ತ ಕುಳಿತಾಗ ಕಾಣುವುದು ತನ್ನದೇ ಮುಂದಿನ ಚಿತ್ರ. ಆದರೆ ಅವನ ಕಣ್ಣು ಮೊಸಾಯಿಕ್ ನೆಲದ ಮೇಲಿರುತ್ತದೆ.

ಅದಕ್ಕಾಗಿ ದೊಡ್ಡ ಮನೆ ಬೇಡವೆಂದು ನಾನು ವಾದಿಸುವುದಿಲ್ಲ. ಮುದುಕರಿಗಾಗಿ ನೆಲದಂತಸ್ತಿನಲ್ಲಿಯೇ ಬಚ್ಚಲಿರುವ ಒಂದು ಕೋಣೆ ಇರಬೇಕು. ಅದಿಲ್ಲದ ಮನೆ ಅರಮನೆಯಾದರೂ ಕೈಬಿಡಬೇಕು. ಮೆಟ್ಟಿಲು ಹೊರಗಡೆಯಿಂದ ಇದ್ದರೆ ಇನ್ನೂ ಒಳ್ಳೆಯದು. ಒಳಮೆಟ್ಟಿಲಿನ ಮನೆ ನೋಟಕ್ಕೆ ಚೆನ್ನ. ಹೊರಮೆಟ್ಟಿಲಿನ ಮನೆ ಮುಂದೆ ಎರಡಾಗಬಲ್ಲದು. ಸಂಸಾರ ಕುಗ್ಗಿದಾಗ ಮಹಡಿಯನ್ನು ಬಾಡಿಗೆಗೆ ಕೊಡಬಹುದು, ಮಗಳು ಹಿಂದಿರುಗಿದರೆ ತೆರವು ಮಾಡಿಸಬಹುದು. ವಠಾರವನ್ನೂ ಔಟ್‌ಹೌಸನ್ನೂ ಬಳಸಿ ಬಾಳಿದ ಹಳೆಯ ಬೆಂಗಳೂರಿಗೆ ಈ ಉಪಾಯ ಗೊತ್ತಿತ್ತು. ನೀರಿನ ದೃಷ್ಟಿಯಿಂದಲೂ ದೊಡ್ಡ ಛಾವಣಿ ಭಾರವಾಗಬೇಕಾಗಿಲ್ಲ: ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ, 1500 ಚದರಡಿಯ ತಾರಸಿಯ ಮೇಲೆ ಅದು ಒಂದು ಲಕ್ಷ ಲೀಟರಿಗೂ ಮಿಗಿಲು. ಅದನ್ನು ಹಿಡಿದಿಡುವುದನ್ನು ದೊಡ್ಡ ನಿವೇಶನಗಳಿಗೆ 2009ರಲ್ಲಿಯೇ ಕಡ್ಡಾಯ ಮಾಡಿದ್ದಾರೆ. ಕೊಳ್ಳುವ ಮನೆಯಲ್ಲಿ ಆ ವ್ಯವಸ್ಥೆ ಇದೆಯೇ, ಅಥವಾ ಒಂದು ಕೊಳವೆಯ ತುಂಡು ಗೋಡೆಗೆ ಅಂಟಿಕೊಂಡು ಶಾಸ್ತ್ರಕ್ಕೆ ನಿಂತಿದೆಯೇ ಎಂದು ನೋಡಬೇಕು.

ಕಾಗದಪತ್ರಗಳ ವಿಚಾರವನ್ನು ವಕೀಲರಿಗೆ ಬಿಟ್ಟು ನಾನು ಒಂದನ್ನೇ ಹೇಳುವೆನು. ಹಳೆಯ ಮನೆಯ ನಿಜವಾದ ಬಿರುಕು ಗೋಡೆಯಲ್ಲಿರುವುದಕ್ಕಿಂತ ವಂಶವೃಕ್ಷದಲ್ಲಿರುವುದು ಹೆಚ್ಚು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂದಿತು. ಮೂವರು ಅಣ್ಣತಮ್ಮಂದಿರು ಸಹಿ ಮಾಡಿ, 'ಅಕ್ಕ ಶಿವಮೊಗ್ಗದಲ್ಲಿದ್ದಾಳೆ, ಅವಳದೇನೂ ತಕರಾರಿಲ್ಲ' ಎಂದರೆ ಸಾಲದು. ಅಕ್ಕನ ಬಳಿಗೆ ಹೋಗಿ ಮಾತನಾಡಿಸಬೇಕು, ಅವಳ ಸಹಿ ಕ್ರಯಪತ್ರದ ಮೇಲೆಯೇ ಬೀಳಬೇಕು. ತಕರಾರಿಲ್ಲದ ಅಕ್ಕ ಶಿವಮೊಗ್ಗದಿಂದ ಒಂದು ದಿನದ ಮಟ್ಟಿಗೆ ಬರಲು ಒಪ್ಪುತ್ತಾಳೆ. ಒಪ್ಪದಿದ್ದರೆ ಮುಂಗಡದ ಹಣ ಇನ್ನೂ ಕೈಯಲ್ಲಿರುವಾಗಲೇ ಬೇರೆ ಮನೆಯನ್ನು ನೋಡಹೋಗಬಹುದು. ಆ ಸಲ ಕಾರಿನ ಹಿಂದಿನ ಸೀಟಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಹೊರಡುವುದು ಉತ್ತಮ.